ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್: ರೋಬೋಟೋ, ಓಪನ್ನೋ? ಒಪ್ಪಿಗೆ ಕೊಡುವ ಮುಂಚೆ ಕೇಳಬೇಕಾದ್ದು

ಅಪ್ಪನ ಬಯಾಪ್ಸಿ ರಿಪೋರ್ಟ್ ಬಂದ ವಾರ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ಎಸ್ಟಿಮೇಟ್ ಹಾಳೆಗಳಿದ್ದವು. ಒಂದು ರೋಬೋಟ್ ಆಪರೇಷನ್ನಿನದು, ಇನ್ನೊಂದು ಓಪನ್ ಆಪರೇಷನ್ನಿನದು. ಎರಡರ ನಡುವೆ ಎರಡು ಲಕ್ಷಕ್ಕಿಂತ ಜಾಸ್ತಿ ಅಂತರ. ಎರಡರಲ್ಲೂ ಕೊನೆಯಲ್ಲಿ ಒಂದೇ ಸಾಲು: ‘ಪೆಲ್ವಿಕ್ ಲಿಂಫ್ ನೋಡ್ ಡಿಸೆಕ್ಷನ್ ಸೇರಿ.’ ಹಣದ ಅಂತರದ ಬಗ್ಗೆ ನಾಲ್ಕು ದಿನ ಮಾತಾಡಿದೆವು. ಆ ಕೊನೆಯ ಸಾಲು ಏನು ಅಂತ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಅಪ್ಪನ ಮುಂದಿನ ಚಿಕಿತ್ಸೆಯನ್ನು ನಿರ್ಧರಿಸಿದ್ದು ಮಾತ್ರ ಅದೇ ಸಾಲು.

ಆಮೇಲೆ ಸೋದರಮಾವನ ಜೊತೆ, ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರ ಜೊತೆ ಇದೇ ದಾರಿಯಲ್ಲಿ ಓಡಾಡಿದ್ದೇನೆ. ನಾನು ಡಾಕ್ಟರ್ ಅಲ್ಲ. ರೋಗಿಯ ಪಕ್ಕದ ಕುರ್ಚಿಯಲ್ಲಿ ಕೂತು, ಕೇಳಿ, ಓದಿ ಕಲಿತದ್ದನ್ನು ಅದೇ ಕುರ್ಚಿಯಲ್ಲಿ ಈಗ ಕೂತಿರುವವರಿಗಾಗಿ ಬರೆಯುತ್ತಿದ್ದೇನೆ. ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

ಮೊದಲು: ಆಪರೇಷನ್ ಬೇಕೇ ಬೇಕಾ?

‘ಕ್ಯಾನ್ಸರ್’ ಅನ್ನುವ ಪದ ಕಿವಿಗೆ ಬಿದ್ದ ಕೂಡಲೇ ‘ತೆಗೆಸಿಬಿಡಿ’ ಅನ್ನಿಸುವುದು ಸಹಜ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಬಹಳ ಜನರಲ್ಲಿ ನಿಧಾನವಾಗಿ ಬೆಳೆಯುತ್ತದೆ. ಎರಡನೇ ಡಾಕ್ಟರನ್ನು ನೋಡಲು, ಮನೆಯವರೆಲ್ಲ ಕೂತು ಮಾತಾಡಲು ಸಾಮಾನ್ಯವಾಗಿ ಕೆಲವು ವಾರಗಳ ಸಮಯ ಸಿಗುತ್ತದೆ. ಹೇಗೂ ಬಯಾಪ್ಸಿ ಆದ ಮೇಲೆ ಒಳಗಿನ ಊತ ಇಳಿಯಲಿ ಅಂತ ಎಷ್ಟೋ ಸರ್ಜನ್‌ಗಳು ಆರು ವಾರ ಕಾಯುತ್ತಾರೆ. ಆ ಆರು ವಾರ ನಿಮ್ಮದು.

ಒಂದು ಬಿಳಿ ಹಾಳೆ ತೆಗೆದುಕೊಂಡು ಇಷ್ಟು ಬರೆಯಿರಿ: ವಯಸ್ಸು, ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ. ಪಿಎಸ್‌ಎ (ಪ್ರಾಸ್ಟೇಟ್‌ಗಾಗಿ ಮಾಡುವ ರಕ್ತ ಪರೀಕ್ಷೆ) ಎಷ್ಟು. ಗ್ಲೀಸನ್ ಸ್ಕೋರ್ (ಕ್ಯಾನ್ಸರ್ ಎಷ್ಟು ಉಗ್ರ ಅಂತ ಬಯಾಪ್ಸಿ ನೋಡಿ ಕೊಡುವ ಅಂಕ) ಎಷ್ಟು. ಬಯಾಪ್ಸಿಯಲ್ಲಿ ತೆಗೆದ ಎಳೆಗಳಲ್ಲಿ ಎಷ್ಟರಲ್ಲಿ ಕ್ಯಾನ್ಸರ್ ಇತ್ತು. ಎಂಆರ್‌ಐ ಏನು ಹೇಳುತ್ತದೆ, ಕ್ಯಾನ್ಸರ್ ಗ್ರಂಥಿಯ ಒಳಗೇ ಇದೆಯೋ, ಅಂಚು ದಾಟಿದೆಯೋ. ಈ ಒಂದು ಹಾಳೆ ಕೈಯಲ್ಲಿದ್ದರೆ ಯಾವ ಡಾಕ್ಟರ ಮುಂದೆ ಕೂತರೂ ಐದು ನಿಮಿಷದಲ್ಲಿ ವಿಷಯಕ್ಕೆ ಬರಬಹುದು. ದಪ್ಪ ಫೈಲ್ ಜೊತೆಗಿರಲಿ, ಆದರೆ ಮೊದಲು ಈ ಹಾಳೆ ಕೊಡಿ.

ಪಿಎಸ್‌ಎ 10ರ ಒಳಗೆ, ಗ್ಲೀಸನ್ 6, ಗಡ್ಡೆ ಚಿಕ್ಕದು ಅಂದರೆ ಕಡಿಮೆ ಅಪಾಯದ ಗುಂಪು. ಇವರಲ್ಲಿ ಬಹಳ ಜನಕ್ಕೆ ಆಪರೇಷನ್ನೇ ಬೇಡ. ನಿಯಮಿತವಾಗಿ ಪಿಎಸ್‌ಎ, ಎಂಆರ್‌ಐ, ಬಯಾಪ್ಸಿ ಮಾಡಿಸುತ್ತಾ ಕಣ್ಣಿಟ್ಟಿರಬಹುದು. ಸುಮ್ನೆ ಕೂರುವುದಲ್ಲ ಇದು, ಇದೂ ಒಂದು ಚಿಕಿತ್ಸೆಯ ಕ್ರಮವೇ. ಬ್ರಿಟನ್ನಿನಲ್ಲಿ ‘ಪ್ರೊಟೆಕ್ಟ್’ ಅನ್ನುವ ದೊಡ್ಡ ಅಧ್ಯಯನ ನಡೆಯಿತು. ಗ್ರಂಥಿಯೊಳಗೇ ಇದ್ದ ಕ್ಯಾನ್ಸರ್‌ನ 1643 ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು: ಆಪರೇಷನ್, ರೇಡಿಯೇಷನ್, ಕಣ್ಣಿಟ್ಟು ಕಾಯುವುದು. 15 ವರ್ಷ ಕಳೆದ ಮೇಲೆ 2023ರಲ್ಲಿ ಬಂದ ವರದಿಯ ಪ್ರಕಾರ ಈ ಕ್ಯಾನ್ಸರ್‌ನಿಂದಲೇ ತೀರಿಕೊಂಡವರು ಮೂರೂ ಗುಂಪುಗಳಲ್ಲಿ ಹೆಚ್ಚುಕಡಿಮೆ ನೂರಕ್ಕೆ ಮೂವರು. ಕಾಯುವ ಗುಂಪಿನಲ್ಲಿ ಕ್ಯಾನ್ಸರ್ ಹರಡಿದ್ದು ಸುಮಾರು ಎರಡು ಪಟ್ಟು ಜನರಲ್ಲಿ ಅನ್ನುವುದೂ ನಿಜ.

ಗ್ಲೀಸನ್ 7ಕ್ಕಿಂತ ಮೇಲೆ ಅಥವಾ ಪಿಎಸ್‌ಎ 20ಕ್ಕಿಂತ ಮೇಲೆ ಅಂದರೆ ಮಾತು ಬೇರೆ. ಅಲ್ಲಿ ಕಾಯುತ್ತಾ ಕೂರಬೇಡಿ. ಆದರೆ ಅಲ್ಲೂ ಆಪರೇಷನ್ ಒಂದೇ ದಾರಿಯಲ್ಲ. ರೇಡಿಯೇಷನ್ ಜೊತೆ ಹಾರ್ಮೋನ್ ಇಂಜೆಕ್ಷನ್ ಕೊಡುವುದು ಅಷ್ಟೇ ಗಟ್ಟಿಯಾದ ಚಿಕಿತ್ಸೆ. ಹಾಗಾಗಿ ಯೂರಾಲಜಿಸ್ಟ್ ಒಬ್ಬರನ್ನೇ ನೋಡಿ ತೀರ್ಮಾನಿಸಬೇಡಿ, ರೇಡಿಯೇಷನ್ ಡಾಕ್ಟರ ಜೊತೆಯೂ ಒಮ್ಮೆ ಮಾತಾಡಿ. ಬಯಾಪ್ಸಿ ಸ್ಲೈಡ್‌ಗಳನ್ನು ಕ್ಯಾನ್ಸರ್ ನೋಡಿ ಪಳಗಿದ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸುವುದೂ ಒಳ್ಳೆಯದು. ಗ್ಲೀಸನ್ 3+4 ಅಂತ ಬರೆಯುವುದಕ್ಕೂ 4+3 ಅಂತ ಬರೆಯುವುದಕ್ಕೂ ಮೊತ್ತ ಒಂದೇ, ಕಾಯಿಲೆಯ ಸ್ವಭಾವ ಬೇರೆ.

ಎರಡೂ ಆಪರೇಷನ್ನಿನ ಒಳಗೆ ನಡೆಯುವುದು ಒಂದೇ ಕೆಲಸ

ಪ್ರಾಸ್ಟೇಟ್ ಅಂದರೆ ಮೂತ್ರಕೋಶದ ಕೆಳಗೆ ದೊಡ್ಡ ನೆಲ್ಲಿಕಾಯಿ ಗಾತ್ರದ ಗ್ರಂಥಿ. ಅದರ ನಡುವೆ ತೂರಿಕೊಂಡು ಮೂತ್ರನಾಳ ಹೋಗುತ್ತದೆ. ಆಪರೇಷನ್ನಿನಲ್ಲಿ ಆ ಗ್ರಂಥಿಯನ್ನು ವೀರ್ಯಕೋಶಗಳ ಸಮೇತ ಇಡಿಯಾಗಿ ತೆಗೆಯುತ್ತಾರೆ. ತೆಗೆದ ಮೇಲೆ ನಡುವೆ ಜಾಗ ಖಾಲಿ ಉಳಿಯುತ್ತದಲ್ವಾ? ಮೂತ್ರಕೋಶದ ಬಾಯನ್ನು ಕೆಳಗಿನ ಮೂತ್ರನಾಳಕ್ಕೆ ಎಳೆದು ಸುತ್ತಲೂ ಹೊಲಿಯುತ್ತಾರೆ. ಆ ಹೊಲಿಗೆ ಕೂಡುವ ತನಕ ಮೂತ್ರ ಹೊರಗೆ ಬರಲು ಕ್ಯಾಥೆಟರ್ ಪೈಪ್ ಇರುತ್ತದೆ. ಗ್ರಂಥಿಯ ಎರಡೂ ಪಕ್ಕದಲ್ಲಿ ಕೂದಲೆಳೆಯಂಥ ನರಗಳು ಅಂಟಿಕೊಂಡಿರುತ್ತವೆ. ಗಂಡಸಿನ ನಿಮಿರುವಿಕೆಗೆ ಬೇಕಾದ ನರಗಳು ಅವೇ. ಅವನ್ನು ಉಳಿಸಿ ಗ್ರಂಥಿ ತೆಗೆಯಬಹುದು ಅಂತ 1982ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಪ್ಯಾಟ್ರಿಕ್ ವಾಲ್ಶ್. ಅವರು ಅದನ್ನು ಮಾಡಿದ್ದು ಓಪನ್ ಆಪರೇಷನ್ನಿನಲ್ಲೇ.

ಓಪನ್ ಅಂದರೆ ಹೊಕ್ಕುಳ ಕೆಳಗಿನಿಂದ ಸೊಂಟದ ಮುಂದಿನ ಮೂಳೆಯ ತನಕ ಒಂದು ಉದ್ದ ಕೊಯ್ತ. ರೋಬೋಟ್ ಅಂದರೆ ಹೊಟ್ಟೆಯ ಮೇಲೆ ಐದಾರು ಚಿಕ್ಕ ತೂತು, ಒಳಗೆ ಗ್ಯಾಸ್ ತುಂಬಿ ಹೊಟ್ಟೆ ಉಬ್ಬಿಸಿ, ತೂತುಗಳ ಮೂಲಕ ಕ್ಯಾಮೆರಾ ಮತ್ತು ಸಣ್ಣ ಉಪಕರಣಗಳು. ಸರ್ಜನ್ ಅದೇ ಕೋಣೆಯಲ್ಲಿ ಒಂದು ಕನ್ಸೋಲ್ ಮುಂದೆ ಕೂತು, ದೊಡ್ಡದಾಗಿ ಕಾಣುವ ಮೂರು ಆಯಾಮದ ಚಿತ್ರ ನೋಡುತ್ತಾ ಬೆರಳಲ್ಲಿ ಆಡಿಸುತ್ತಾರೆ. ಕೊನೆಯಲ್ಲಿ ಒಂದು ತೂತನ್ನು ಸ್ವಲ್ಪ ಅಗಲ ಮಾಡಿ ಗ್ರಂಥಿಯನ್ನು ಹೊರಗೆ ತೆಗೆಯುತ್ತಾರೆ. ನಮ್ಮ ಮಾವ ಕೇಳಿದ ಮೊದಲ ಪ್ರಶ್ನೆ, ‘ಕರೆಂಟ್ ಹೋದ್ರೆ ಮಷೀನು ತಾನೇ ಏನಾದ್ರೂ ಕೊಯ್ದುಬಿಡುತ್ತಾ ಡಾಕ್ಟ್ರೇ?’ ಇಲ್ಲ. ಅದು ತಾನಾಗಿ ಏನನ್ನೂ ಮಾಡುವುದಿಲ್ಲ, ಸರ್ಜನ್ ಕೈ ಆಡಿದಂತೆ ಮಾತ್ರ ಆಡುತ್ತದೆ. ಪವರ್‌ಗೆ ಬ್ಯಾಟರಿ ವ್ಯವಸ್ಥೆಯೂ ಇರುತ್ತದೆ.

ಹೆಸರು ಕೇಳಿ ಗೊಂದಲ ಆಗಬಾರದು ಅಂತ ಹೇಳುತ್ತೇನೆ: ಹೆಚ್ಚು ಕಡೆ ಇರುವುದು ಅಮೆರಿಕದ ‘ಡಾ ವಿಂಚಿ’ ಯಂತ್ರ. ಈಗ ಗುರುಗ್ರಾಮದಲ್ಲಿ ತಯಾರಾಗುವ ‘ಮಂತ್ರ’ ಕೂಡ ಬಂದಿದೆ, ಬ್ರಿಟನ್ನಿನ ‘ವರ್ಸಿಯಸ್’ ಇದೆ.

ಯಾವುದು ಮೇಲು?

ಅಪ್ಪನನ್ನು ಮೊದಲು ಕರೆದುಕೊಂಡು ಹೋದ ಒಂದು ಆಸ್ಪತ್ರೆಯ ಕೌನ್ಸೆಲಿಂಗ್ ಡೆಸ್ಕ್‌ನಲ್ಲಿ ‘ಓಪನ್ ಈಗ ಯಾರು ಮಾಡಿಸ್ತಾರೆ ಸಾರ್, ರೋಬೋಟಲ್ಲಿ ಮೂತ್ರ ಸೋರಲ್ಲ’ ಅಂದರು. ಆ ಮಾತು ನಂಬಿ ಅಪ್ಪ ಎರಡು ದಿನ ನೆಮ್ಮದಿಯಾಗಿದ್ದರು. ಆಮೇಲೆ ನಾನು ಓದಿದ್ದು ಬೇರೆಯೇ.

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 326 ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ರೋಬೋಟ್, ಇನ್ನೊಂದಕ್ಕೆ ಓಪನ್ ಮಾಡಿದರು. 2016ರಲ್ಲಿ ಮೊದಲ ಫಲಿತಾಂಶ, 2018ರಲ್ಲಿ ಎರಡು ವರ್ಷದ ಫಲಿತಾಂಶ ಬಂತು. ಮೂತ್ರ ಹಿಡಿತದಲ್ಲಾಗಲಿ, ಲೈಂಗಿಕ ಶಕ್ತಿಯಲ್ಲಾಗಲಿ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ರೋಬೋಟ್ ಗೆದ್ದದ್ದು ಬೇರೆ ವಿಷಯಗಳಲ್ಲಿ. ರಕ್ತ ಹೋದದ್ದು ಸರಾಸರಿ 444 ಮಿಲಿ ಲೀಟರ್, ಓಪನ್‌ನಲ್ಲಿ 1338. ಆಸ್ಪತ್ರೆಯಲ್ಲಿ ಉಳಿದದ್ದು ಸುಮಾರು ಒಂದೂವರೆ ದಿನ, ಓಪನ್‌ನಲ್ಲಿ ಮೂರು ದಿನದ ಮೇಲೆ. ಮೊದಲ ದಿನಗಳ ನೋವೂ ಕಡಿಮೆ. ಎರಡು ವರ್ಷದ ಹೊತ್ತಿಗೆ ಪಿಎಸ್‌ಎ ಮತ್ತೆ ಏರಿದವರು (ಕ್ಯಾನ್ಸರ್ ಮರಳಿರುವ ಸೂಚನೆ ಅದು) ರೋಬೋಟ್ ಗುಂಪಿನಲ್ಲಿ ಕಡಿಮೆ ಇದ್ದರು. ಆದರೆ ಆಪರೇಷನ್ ನಂತರದ ಚಿಕಿತ್ಸೆ ಎಲ್ಲರಿಗೂ ಒಂದೇ ಥರ ಇರಲಿಲ್ಲ, ಹಾಗಾಗಿ ಇದನ್ನೇ ಹಿಡಿದು ತೀರ್ಮಾನ ಮಾಡಬೇಡಿ ಅಂತ ಅಧ್ಯಯನ ಮಾಡಿದವರೇ ಎಚ್ಚರಿಸಿದ್ದಾರೆ.

ಸ್ವೀಡನ್‌ನ 14 ಆಸ್ಪತ್ರೆಗಳ ಲೆಕ್ಕವೂ ಇಂಥದ್ದೇ. ಒಂದು ವರ್ಷದ ನಂತರ ಮೂತ್ರ ಸೋರುವ ತೊಂದರೆ ರೋಬೋಟ್ ಗುಂಪಿನಲ್ಲಿ ನೂರಕ್ಕೆ 21, ಓಪನ್‌ನಲ್ಲಿ 20. ನಿಮಿರುವಿಕೆಯ ತೊಂದರೆ ರೋಬೋಟ್‌ನಲ್ಲಿ 70, ಓಪನ್‌ನಲ್ಲಿ 75. ಈ ಕೊನೆಯ ಎರಡು ಅಂಕಿಗಳನ್ನು ದಂಪತಿ ಇಬ್ಬರೂ ಕೂತು ಓದಬೇಕು. ಯಾವ ದಾರಿ ಹಿಡಿದರೂ ಒಂದು ವರ್ಷದ ಹೊತ್ತಿಗೆ ಹೆಚ್ಚಿನವರಲ್ಲಿ ಈ ತೊಂದರೆ ಉಳಿದಿತ್ತು. ‘ರೋಬೋಟ್ ಮಾಡಿಸಿದರೆ ಎಲ್ಲ ಮೊದಲಿನಂತೆ’ ಅನ್ನುವವರ ಮಾತು ನಂಬಿ ಮುಂದುವರಿಯಬೇಡಿ.

ನನ್ನ ಮಟ್ಟಿಗೆ ಇದರ ಅರ್ಥ ಇಷ್ಟು. ದುಡ್ಡಿನ ಕಷ್ಟ ಇಲ್ಲ, ಪಳಗಿದ ರೋಬೋಟ್ ಸರ್ಜನ್ ಸಿಗುತ್ತಾರೆ ಅಂದರೆ ಅದು ಒಳ್ಳೆಯ ಆಯ್ಕೆ. ಬೇಗ ಎದ್ದು ಓಡಾಡುತ್ತಾರೆ, ರಕ್ತ ಹಾಕಿಸುವ ಸಂದರ್ಭ ಕಡಿಮೆ. ಆದರೆ ಹೊಲ ಅಡ ಇಟ್ಟು, ಮಗಳ ಮದುವೆಯ ದುಡ್ಡು ಮುರಿದು ರೋಬೋಟ್ ಮಾಡಿಸಬೇಕಾದ ಒತ್ತಡ ಯಾರಿಗೂ ಬೇಡ. ಒಳ್ಳೆಯ ಕೈಯಲ್ಲಿ ಓಪನ್ ಮಾಡಿಸಿದರೆ ಅಪ್ಪನಿಗೆ ಮೋಸ ಮಾಡಿದಂತೆ ಅಲ್ಲವೇ ಅಲ್ಲ.

ಸರ್ಜನ್‌ಗೆ ಕೇಳಬೇಕಾದ್ದು

ಯಂತ್ರಕ್ಕಿಂತ ಜಾಸ್ತಿ ವ್ಯತ್ಯಾಸ ಮಾಡುವುದು ಕೈ. ಓಪನ್ ಆಪರೇಷನ್ ಬಗ್ಗೆ 2007ರಲ್ಲಿ ಅಮೆರಿಕದಿಂದ ಬಂದ ಅಧ್ಯಯನವೊಂದು ಇದನ್ನು ಅಂಕಿಗಳಲ್ಲೇ ತೋರಿಸಿತು. ಅದುವರೆಗೆ 10 ಆಪರೇಷನ್ ಮಾಡಿದ್ದ ಸರ್ಜನ್‌ಗಳ ರೋಗಿಗಳಲ್ಲಿ ಐದು ವರ್ಷದೊಳಗೆ ಪಿಎಸ್‌ಎ ಮರಳಿದ್ದು ನೂರಕ್ಕೆ ಸುಮಾರು 18 ಜನರಲ್ಲಿ. 250 ಮಾಡಿದ್ದವರ ರೋಗಿಗಳಲ್ಲಿ ಸುಮಾರು 11. ರೋಬೋಟ್ ಮುಂದೆ ಕೂತವರಿಗೂ ಕಲಿಯುವ ಕಾಲ ಇದ್ದೇ ಇರುತ್ತದೆ.

ಹಾಗಾಗಿ ಕೇಳಿ: ‘ಡಾಕ್ಟ್ರೇ, ಈ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ? ಕಳೆದ ಒಂದು ವರ್ಷದಲ್ಲಿ ಎಷ್ಟು?’ ಕೇಳಲು ಮುಜುಗರ ಆಗುತ್ತದೆ, ಗೊತ್ತು. ನಮ್ಮಲ್ಲಿ ದೊಡ್ಡ ಡಾಕ್ಟರನ್ನು ಹೀಗೆ ಕೇಳುವ ರೂಢಿ ಇಲ್ಲ. ಆದರೆ ಅನುಭವ ಇರುವವರು ಬೇಸರ ಮಾಡಿಕೊಳ್ಳುವುದಿಲ್ಲ. ಅಪ್ಪನ ಸರ್ಜನ್ ನಕ್ಕು, ‘ಇದನ್ನ ಎಲ್ಲರೂ ಕೇಳ್ಬೇಕು ಯಜಮಾನ್ರೇ’ ಅಂದರು.

ಇನ್ನೂ ಕೆಲವು ಪ್ರಶ್ನೆ ಇವೆ. ಕನ್ಸೋಲ್ ಮುಂದೆ ಪೂರ್ತಿ ಹೊತ್ತು ಕೂರುವುದು ನೀವೇನಾ? ನಿಮ್ಮ ರೋಗಿಗಳಲ್ಲಿ ಒಂದು ವರ್ಷದ ನಂತರ ಪ್ಯಾಡ್ ಬಳಸುವವರು ಎಷ್ಟು? ನಮ್ಮವರ ಗಡ್ಡೆ ಇರುವ ಜಾಗ ನೋಡಿದರೆ ನರ ಉಳಿಸಲು ಆಗುತ್ತದಾ, ಎರಡೂ ಪಕ್ಕವಾ, ಒಂದೇ ಪಕ್ಕವಾ? ಈ ಕೊನೆಯದಕ್ಕೆ ಉತ್ತರ ಯಂತ್ರದಲ್ಲಿ ಇಲ್ಲ, ಎಂಆರ್‌ಐ ಚಿತ್ರದಲ್ಲಿದೆ. ಕ್ಯಾನ್ಸರ್ ಅಂಚಿಗೆ ಬಂದಿದ್ದರೆ ಆ ಕಡೆಯ ನರ ಬಿಟ್ಟುಕೊಡಬೇಕಾಗಬಹುದು.

ಕೆಲವರ ದೇಹವೇ ಒಂದು ದಾರಿ ತೋರಿಸುತ್ತದೆ. ರೋಬೋಟ್‌ನಲ್ಲಿ ತಲೆ ಕೆಳಗೆ, ಕಾಲು ಮೇಲೆ ಇರುವಂತೆ ಮೇಜನ್ನು ವಾಲಿಸಿ ಗಂಟೆಗಟ್ಟಲೆ ಇಡುತ್ತಾರೆ. ಗ್ಲಾಕೋಮಾ ಇದ್ದವರಿಗೆ ಕಣ್ಣಿನ ಒತ್ತಡ ಏರುತ್ತದೆ. ಶ್ವಾಸಕೋಶ, ಹೃದಯ ತೀರಾ ದುರ್ಬಲ ಇದ್ದರೆ ಹೊಟ್ಟೆಗೆ ಗ್ಯಾಸ್ ತುಂಬುವುದು ಕಷ್ಟ. ಮುಂಚೆ ಹೊಟ್ಟೆಯ ದೊಡ್ಡ ಆಪರೇಷನ್ ಆಗಿ ಕರುಳು ಅಂಟಿಕೊಂಡಿದ್ದರೂ ಹೇಳಿ. ಓಪನ್‌ನಲ್ಲಿ ಸಾಮಾನ್ಯವಾಗಿ ಕರುಳಿನ ಪೊರೆಯನ್ನು ತೆರೆಯದೆ ಹೊರಗಿನಿಂದಲೇ ಗ್ರಂಥಿಗೆ ತಲುಪುತ್ತಾರೆ. ಇನ್ನೊಂದು ಕಡೆ, ತುಂಬಾ ದಪ್ಪ ಮೈ ಇದ್ದವರಲ್ಲಿ ಆಳಕ್ಕೆ ಕೈ ಹಾಕುವುದಕ್ಕಿಂತ ರೋಬೋಟ್ ಸುಲಭ ಆಗಬಹುದು.

ಲಿಂಫ್ ನೋಡ್: ಇದನ್ನು ಬೇರೆಯಾಗಿಯೇ ಕೇಳಿ

ಚಿಕ್ಕವರಿದ್ದಾಗ ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿಯಲ್ಲಿ ಗಂಟು ಏಳುತ್ತಿತ್ತಲ್ವಾ? ಅದೇ ಲಿಂಫ್ ನೋಡ್. ಪತ್ರಿಕೆಗಳಲ್ಲಿ ದುಗ್ಧರಸ ಗ್ರಂಥಿ ಅಂತ ಬರೆಯುತ್ತಾರೆ. ದೇಹದ ಉದ್ದಕ್ಕೂ ಹರಿಯುವ ತಿಳಿ ದ್ರವವನ್ನು ಸೋಸುವ ಚೆಕ್‌ಪೋಸ್ಟ್‌ಗಳು ಇವು. ಪ್ರಾಸ್ಟೇಟ್‌ನಿಂದ ಹೊರಡುವ ದ್ರವ ಮೊದಲು ತಲುಪುವುದು ಸೊಂಟದ ಒಳಗೆ, ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳ ಗುಂಟ ಇರುವ ನೋಡ್‌ಗಳಿಗೆ. ಇವು ಹೊರಗಿನಿಂದ ಕೈಗೆ ಸಿಗುವುದಿಲ್ಲ.

ಸರ್ಜನ್ ಅಪ್ಪನ ರಿಪೋರ್ಟ್‌ನ ಹಿಂಬದಿಯಲ್ಲಿ ಪೆನ್ನಲ್ಲಿ ಬಿಡಿಸಿ ತೋರಿಸಿದ್ದು ಇನ್ನೂ ನನ್ನ ಹತ್ತಿರ ಇದೆ. ನಡುವೆ ಒಂದು ಗುಂಡು, ಅದು ಪ್ರಾಸ್ಟೇಟ್. ಎರಡೂ ಕಡೆ ತಲೆಕೆಳಗಾದ ವೈ ಆಕಾರದಲ್ಲಿ ರಕ್ತನಾಳ. ಅದರ ಗುಂಟ ಕಾಳಿನಂಥ ಚುಕ್ಕಿಗಳು. ‘ಇಷ್ಟು ತೆಗೆದ್ರೆ ಲಿಮಿಟೆಡ್’ ಅಂತ ಸಣ್ಣ ವೃತ್ತ ಎಳೆದರು. ‘ಇಲ್ಲೀತನಕ ತೆಗೆದ್ರೆ ಎಕ್ಸ್‌ಟೆಂಡೆಡ್’ ಅಂತ ದೊಡ್ಡ ವೃತ್ತ. ಆ ದೊಡ್ಡ ವೃತ್ತ ಕಿಡ್ನಿಯಿಂದ ಬರುವ ಮೂತ್ರನಾಳ ರಕ್ತನಾಳವನ್ನು ದಾಟುವ ಜಾಗದವರೆಗೆ ಹೋಗಿತ್ತು. ನಿಮ್ಮ ಡಾಕ್ಟರಿಗೂ ಒಂದು ಹಾಳೆ, ಒಂದು ಪೆನ್ನು ಕೊಟ್ಟು ಕೇಳಿ. ಚಿತ್ರ ನೋಡಿದ ಮೇಲೆ ಪ್ರಶ್ನೆಗಳು ತಾವೇ ಹುಟ್ಟುತ್ತವೆ.

ಎಲ್ಲರಿಗೂ ನೋಡ್ ತೆಗೆಯುವುದಿಲ್ಲ. ಪಿಎಸ್‌ಎ, ಗ್ಲೀಸನ್, ಬಯಾಪ್ಸಿ, ಎಂಆರ್‌ಐ ಎಲ್ಲ ಸೇರಿಸಿ ನೋಡ್‌ಗೆ ಹರಡಿರುವ ಸಾಧ್ಯತೆ ನೂರಕ್ಕೆ ಎಷ್ಟು ಅಂತ ಡಾಕ್ಟರು ಲೆಕ್ಕ ಹಾಕುತ್ತಾರೆ. ಇದಕ್ಕೆ ಬ್ರಿಗಾಂಟಿ ನೊಮೊಗ್ರಾಂ ಅನ್ನುವ ಕೋಷ್ಟಕ ಹೆಚ್ಚು ಬಳಕೆಯಲ್ಲಿದೆ. ಹಳೆಯ ಕೋಷ್ಟಕದಲ್ಲಿ ನೂರಕ್ಕೆ 5, ಹೊಸದರಲ್ಲಿ 7 ದಾಟಿದರೆ ನೋಡ್ ತೆಗೆಯುವ ವಿಚಾರ ಬರುತ್ತದೆ. ಕಡಿಮೆ ಅಪಾಯದವರಲ್ಲಿ ಸುಮ್ನೆ ತೆಗೆಯುವ ಅಗತ್ಯ ಇಲ್ಲ. ಕೇಳಬೇಕಾದ ಪ್ರಶ್ನೆ ನೇರವಾಗಿದೆ: ‘ನಮ್ಮವರಿಗೆ ಆ ಅಂಕಿ ಎಷ್ಟು ಬಂತು?’

‘ಪೆಟ್ ಸ್ಕ್ಯಾನ್ ಕ್ಲೀನ್ ಇದೆಯಲ್ಲ, ಮತ್ತೆ ಯಾಕೆ ತೆಗೀಬೇಕು?’ ಅಂತ ಅಮ್ಮ ಕೇಳಿದರು. ಒಳ್ಳೆಯ ಪ್ರಶ್ನೆ. ಪ್ರಾಸ್ಟೇಟ್ ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಅಂತ ಹುಡುಕುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಈಗಿರುವ ಸ್ಕ್ಯಾನ್‌ಗಳಲ್ಲಿ ಬಹಳ ಚೆನ್ನಾಗಿರುವಂಥದ್ದು. ಅದು ‘ಇಲ್ಲಿ ಇದೆ’ ಅಂದರೆ ಸಾಮಾನ್ಯವಾಗಿ ಇರುತ್ತದೆ. ಆದರೆ ‘ಇಲ್ಲ’ ಅಂದಾಗ ಅಷ್ಟು ಭರವಸೆ ಇಡಲು ಆಗುವುದಿಲ್ಲ. ಆಪರೇಷನ್ ಮಾಡಿ ತೆಗೆದ ನೋಡ್‌ಗಳ ಜೊತೆ ಹೋಲಿಸಿದ ಅಧ್ಯಯನಗಳಲ್ಲಿ, ನೋಡ್‌ಗೆ ಹರಡಿದ್ದವರ ಪೈಕಿ ನೂರಕ್ಕೆ ಸುಮಾರು 40 ಜನರಲ್ಲಿ ಮಾತ್ರ ಸ್ಕ್ಯಾನ್ ಅದನ್ನು ಹಿಡಿದಿತ್ತು. ಎರಡು ಮೂರು ಮಿಲಿಮೀಟರ್‌ನ ಕಣಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಅಪ್ಪನ ಸ್ಕ್ಯಾನ್ ಕ್ಲೀನ್ ಇತ್ತು. ತೆಗೆದ 18 ನೋಡ್‌ಗಳಲ್ಲಿ ಒಂದರಲ್ಲಿ ಕ್ಯಾನ್ಸರ್ ಇತ್ತು.

ಹಾಗಾದರೆ ಜಾಸ್ತಿ ತೆಗೆದಷ್ಟೂ ಒಳ್ಳೆಯದಾ? ಇದರ ಬಗ್ಗೆ ಡಾಕ್ಟರಲ್ಲೇ ವಾದ ಮುಗಿದಿಲ್ಲ. ಬ್ರೆಜಿಲ್‌ನ ಸಾವೊ ಪಾಲೊದಲ್ಲಿ 300 ಜನರ ಮೇಲೆ, ನ್ಯೂಯಾರ್ಕ್‌ನ ಸ್ಲೋನ್ ಕೆಟೆರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1440 ಜನರ ಮೇಲೆ ಸಣ್ಣ ವೃತ್ತ ಮತ್ತು ದೊಡ್ಡ ವೃತ್ತವನ್ನು ಹೋಲಿಸಿದರು. 2021ರಲ್ಲಿ ಎರಡೂ ವರದಿ ಬಂದವು. ಪಿಎಸ್‌ಎ ಮರಳುವುದರಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ನೋಡ್ ತೆಗೆಯುವುದರ ಖಚಿತವಾದ ಲಾಭ ಅಂದರೆ ಕಾಯಿಲೆ ಎಲ್ಲಿಯವರೆಗೆ ಹೋಗಿದೆ ಅಂತ ಗೊತ್ತಾಗುವುದು. ಅದು ಗೊತ್ತಾದರೆ ಮುಂದೆ ರೇಡಿಯೇಷನ್ ಬೇಕಾ, ಹಾರ್ಮೋನ್ ಬೇಕಾ ಅಂತ ನಿರ್ಧರಿಸಬಹುದು.

ಬೆಲೆಯೂ ಇದೆ. ನೋಡ್ ತೆಗೆದ ಜಾಗದಲ್ಲಿ ತಿಳಿ ದ್ರವ ನಿಂತು ಚೀಲ ಕಟ್ಟಬಹುದು. ಅದನ್ನು ಲಿಂಫೋಸೀಲ್ ಅನ್ನುತ್ತಾರೆ. ಹೆಚ್ಚಿನವು ತಾನಾಗಿ ಇಂಗುತ್ತವೆ. ಕೆಲವು ದೊಡ್ಡದಾಗಿ ರಕ್ತನಾಳ ಒತ್ತುತ್ತವೆ, ಕೆಲವಕ್ಕೆ ಸೋಂಕು ತಗಲುತ್ತದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ನೋಡ್ ತೆಗೆದವರಲ್ಲಿ ಹೆಚ್ಚು. ಅಪರೂಪಕ್ಕೆ ತೊಡೆ ಒಳಕ್ಕೆ ಎಳೆದುಕೊಳ್ಳುವ ನರಕ್ಕೆ ಪೆಟ್ಟಾಗುತ್ತದೆ, ಕೆಲವರಿಗೆ ಕಾಲು ಅಥವಾ ವೃಷಣದ ಚೀಲ ಊದುತ್ತದೆ.

ಇಲ್ಲಿ ರೋಬೋಟ್‌ಗೂ ಓಪನ್‌ಗೂ ಒಂದು ಚಿಕ್ಕ ವ್ಯತ್ಯಾಸ ಇದೆ. ರೋಬೋಟ್ ಸಾಮಾನ್ಯವಾಗಿ ಹೊಟ್ಟೆಯ ಪೊರೆಯ ಒಳಗಿನಿಂದ ಹೋಗುವುದರಿಂದ ದ್ರವ ಹೊಟ್ಟೆಯೊಳಗೆ ಹರಡಿ ಹೀರಿಕೊಂಡು ಹೋಗಲು ದಾರಿ ಇರುತ್ತದೆ. ಪೊರೆಯ ಹೊರಗಿನಿಂದ ಮಾಡುವ ಓಪನ್‌ನಲ್ಲಿ ದ್ರವ ಅಲ್ಲೇ ನಿಲ್ಲಬಹುದು. ಎಷ್ಟು ನೋಡ್ ಸಿಗುತ್ತವೆ ಅನ್ನುವುದು ಮಾತ್ರ ಯಂತ್ರದ ಗುಣವಲ್ಲ. ಸರ್ಜನ್ ಎಷ್ಟು ದೂರ ಹೋಗಿ ಬಿಡಿಸಿದರು, ಪೆಥಾಲಜಿಸ್ಟ್ ಕೊಬ್ಬಿನೊಳಗಿಂದ ಎಷ್ಟು ತಾಳ್ಮೆಯಿಂದ ಹೆಕ್ಕಿದರು ಅನ್ನುವುದರ ಮೇಲೆ ನಿಂತಿದೆ. ಪಳಗಿದವರು ಎರಡೂ ದಾರಿಯಲ್ಲಿ ದೊಡ್ಡ ವೃತ್ತ ಮುಗಿಸುತ್ತಾರೆ.

ದುಡ್ಡಿನ ವಿಷಯ

ಇನ್ಶೂರೆನ್ಸ್ ಇದ್ದರೆ ಪಾಲಿಸಿಯಲ್ಲಿ ‘ಮಾಡರ್ನ್ ಟ್ರೀಟ್‌ಮೆಂಟ್’ ಅನ್ನುವ ಭಾಗ ಹುಡುಕಿ. ರೋಬೋಟಿಕ್ ಸರ್ಜರಿಯನ್ನು ಪೂರ್ತಿ ಹೊರಗಿಡಬಾರದು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲೇ ಹೇಳಿದೆ. ಆದರೆ ಅದಕ್ಕೆ ಮಿತಿ ಹಾಕಲು ಕಂಪನಿಗಳಿಗೆ ಅವಕಾಶ ಇತ್ತು. ಹತ್ತು ಲಕ್ಷದ ಪಾಲಿಸಿ ಇದ್ದರೂ ರೋಬೋಟ್‌ಗೆ ಅದರ ಒಂದು ಪಾಲು ಮಾತ್ರ ಅಂತ ಬರೆದಿರಬಹುದು. ಬಾಯಿಮಾತು ಸಾಲದು. ಅಡ್ಮಿಟ್ ಆಗುವ ಮುಂಚೆ ಮಂಜೂರಾದ ಮೊತ್ತವನ್ನು ಬರಹದಲ್ಲಿ ತೆಗೆದುಕೊಳ್ಳಿ. ಎಸ್ಟಿಮೇಟ್‌ನಲ್ಲಿ ರೋಬೋಟ್ ಉಪಕರಣಗಳ ಚಾರ್ಜ್, ನೋಡ್ ತೆಗೆಯುವ ಚಾರ್ಜ್, ಪೆಥಾಲಜಿ ಚಾರ್ಜ್ ಸೇರಿವೆಯಾ ಅಂತ ಒಂದೊಂದಾಗಿ ಕೇಳಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವು ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30, ಗರಿಷ್ಠ ಒಂದೂವರೆ ಲಕ್ಷ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಪ್ಯಾಕೇಜಿನಲ್ಲಿ ಯಾವ ಆಪರೇಷನ್ ಸೇರುತ್ತದೆ ಅಂತ ಅಲ್ಲಿನ ‘ಆರೋಗ್ಯ ಮಿತ್ರ’ ಡೆಸ್ಕ್‌ನಲ್ಲೇ ಕೇಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ, ವಿಕ್ಟೋರಿಯಾ ಆವರಣದ ನೆಫ್ರೋ ಯೂರಾಲಜಿ ಸಂಸ್ಥೆ ಎರಡೂ ಸರ್ಕಾರದವು. ಎರಡನೇ ಅಭಿಪ್ರಾಯಕ್ಕಾದರೂ ಒಮ್ಮೆ ಹೋಗಿ ಬನ್ನಿ.

ಆಪರೇಷನ್ ಮುಂಚಿನ ವಾರಗಳು

ಮೂತ್ರ ಹಿಡಿಯುವ ಸ್ನಾಯುಗಳ ವ್ಯಾಯಾಮ ಈಗಲೇ ಶುರು ಮಾಡಿ. ಗಾಳಿ ಬಿಡುವುದನ್ನು ತಡೆಯುವಾಗ ಯಾವ ಸ್ನಾಯು ಬಿಗಿಯುತ್ತದೋ ಅದೇ. ಐದರಿಂದ ಹತ್ತು ಸೆಕೆಂಡು ಬಿಗಿ ಹಿಡಿದು ಅಷ್ಟೇ ಹೊತ್ತು ಸಡಿಲ ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಬಾರಿ. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಒಮ್ಮೆ ಫಿಸಿಯೋಥೆರಪಿಸ್ಟ್ ಮುಂದೆ ಮಾಡಿ ತೋರಿಸಿದರೆ ಸರಿ ಇದೆಯಾ ಅಂತ ಗೊತ್ತಾಗುತ್ತದೆ. ಕ್ಯಾಥೆಟರ್ ಇರುವಾಗ ಮಾತ್ರ ಇದನ್ನು ನಿಲ್ಲಿಸಬೇಕು.

ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳು ಮಾಡುವ ಮಾತ್ರೆಗಳ ಬಗ್ಗೆ ತಪ್ಪದೆ ಹೇಳಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿ ಮಾತ್ರೆ ನಿಲ್ಲಿಸಬೇಡಿ. ಕಷಾಯ, ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಬೀಡಿ, ಸಿಗರೇಟು ಬಿಡಲೇಬೇಕು. ಗಂಡ ಹೆಂಡತಿ ಇಬ್ಬರೂ ತಿಳಿದಿರಬೇಕಾದ್ದು ಒಂದಿದೆ: ಆಪರೇಷನ್ ನಂತರ ವೀರ್ಯ ಹೊರಬರುವುದಿಲ್ಲ. ಇದು ಎರಡೂ ದಾರಿಯಲ್ಲಿ ಒಂದೇ.

ಮನೆಗೆ ಬಂದ ಮೇಲೆ

ಕ್ಯಾಥೆಟರ್ ಒಂದರಿಂದ ಎರಡು ವಾರ ಇರುತ್ತದೆ. ಆ ದಿನಗಳು ಮನೆಯವರಿಗೆ ನಿಜವಾದ ಪರೀಕ್ಷೆ. ಮೂತ್ರದ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ ಇರಬೇಕು. ನಾವು ಮಂಚದ ಪಟ್ಟಿಗೆ ಬಟ್ಟೆ ಹ್ಯಾಂಗರ್‌ನ ಕೊಕ್ಕೆ ಬಗ್ಗಿಸಿ ಸಿಕ್ಕಿಸಿದ್ದೆವು. ಅಪ್ಪ ಪಂಚೆ ಉಡುತ್ತಿದ್ದುದು ಅನುಕೂಲವೇ ಆಯಿತು, ಪೈಪ್ ಎಲ್ಲೂ ಮಡಚುತ್ತಿರಲಿಲ್ಲ. ಪೈಪನ್ನು ತೊಡೆಗೆ ಪ್ಲಾಸ್ಟರ್ ಹಾಕಿ ಅಂಟಿಸಿ, ಎಳೆತ ಬೀಳದಂತೆ ಸ್ವಲ್ಪ ಸಡಿಲ ಬಿಡಿ. ಒಳಗೆ ಹಸಿ ಹೊಲಿಗೆ ಇರುವುದು ನೆನಪಿರಲಿ. ಮೂತ್ರ ಬರುವುದು ನಿಂತುಹೋದರೆ, ಪೈಪ್ ಹೊರಗೆ ಬಂದುಬಿಟ್ಟರೆ ಹತ್ತಿರದ ಕ್ಲಿನಿಕ್‌ನಲ್ಲಿ ಹೊಸದು ಹಾಕಿಸಬೇಡಿ. ಆಪರೇಷನ್ ಮಾಡಿದವರಿಗೆ ಆ ಕ್ಷಣವೇ ಫೋನ್ ಮಾಡಿ.

ಮಲ ಗಟ್ಟಿಯಾಗಿ ತಿಣುಕುವಂತಾಗಬಾರದು. ನೀರು, ಸೊಪ್ಪು, ಹಣ್ಣು ಜಾಸ್ತಿ ಇರಲಿ. ಎನಿಮಾ ಬೇಡವೇ ಬೇಡ. ಒಂದೂವರೆ ತಿಂಗಳು ನೀರಿನ ಬಿಂದಿಗೆ, ಹಾಲಿನ ಕ್ಯಾನ್, ಗೊಬ್ಬರದ ಚೀಲ ಎತ್ತಬಾರದು, ಬೈಕ್ ಓಡಿಸಬಾರದು. ಬೆಂಗಳೂರಿನಿಂದ ಹಾಸನಕ್ಕೆ ವಾಪಸ್ ಬರುವಾಗ ಪ್ರತಿ ಗಂಟೆಗೊಮ್ಮೆ ಕಾರು ನಿಲ್ಲಿಸಿ ಅಪ್ಪನನ್ನು ಐದು ನಿಮಿಷ ನಡೆಸಿದೆವು. ಕಾಲಿನ ರಕ್ತ ಹೆಪ್ಪುಗಟ್ಟದಿರಲಿ ಅಂತ. ಇದಕ್ಕೆ ಹೊಟ್ಟೆಯ ಚರ್ಮಕ್ಕೆ ಕೊಡುವ ಇಂಜೆಕ್ಷನ್ ಕೆಲವು ವಾರ ಬರೆದುಕೊಟ್ಟರೆ ಒಂದು ದಿನವೂ ತಪ್ಪಿಸಬೇಡಿ.

ಮೂರನೇ ವಾರ ಅಪ್ಪನ ಎಡಗಾಲು ಊದಿತು. ಆಪರೇಷನ್ ಆದ ಆಸ್ಪತ್ರೆಗೆ ಫೋನ್ ಮಾಡಿದರೆ ‘ನಡೆದಾಡಿದ್ರೆ ಇಳಿಯುತ್ತೆ’ ಅಂದರು. ಇಳಿಯಲಿಲ್ಲ, ಜ್ವರವೂ ಬಂತು. ಊರಲ್ಲೇ ಸ್ಕ್ಯಾನ್ ಮಾಡಿಸಿದಾಗ ನೋಡ್ ತೆಗೆದ ಜಾಗದಲ್ಲಿ ದ್ರವದ ಚೀಲ ಕಂಡಿತು. ಸ್ಕ್ಯಾನ್ ನೋಡುತ್ತಾ ಸೂಜಿ ಹಾಕಿ ಸಣ್ಣ ಪೈಪ್ ಇಟ್ಟು ದ್ರವ ಹೊರಗೆ ಬಿಟ್ಟರು, ಆಂಟಿಬಯೋಟಿಕ್ ಕೊಟ್ಟರು. ಹತ್ತು ದಿನದಲ್ಲಿ ಕಾಲು ಸರಿಹೋಯಿತು. ಹೀಗೆ ಆಗಬಹುದು ಅಂತ ಡಿಸ್ಚಾರ್ಜ್ ದಿನ ಒಂದು ಮಾತು ಹೇಳಿದ್ದರೆ ಐದು ದಿನ ಕಳೆಯುತ್ತಿರಲಿಲ್ಲ. ಹಾಗಾಗಿ ನಾನು ಹೇಳುತ್ತೇನೆ: ಒಂದೇ ಕಾಲು ಊದುವುದು, ಮೀನಖಂಡ ನೋವು, ಜ್ವರ, ಕಿಬ್ಬೊಟ್ಟೆ ಭಾರ ಇದ್ದರೆ ಅದೇ ದಿನ ಕಾಲಿನ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಮತ್ತು ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕಾಯದೆ ಎಮರ್ಜೆನ್ಸಿಗೆ ಹೋಗಿ.

ಪೈಪ್ ತೆಗೆದ ದಿನ ಮೂತ್ರ ಸೋರುತ್ತದೆ. ಎಲ್ಲರಿಗೂ ಅಷ್ಟೋ ಇಷ್ಟೋ. ದೊಡ್ಡವರ ಡೈಪರ್ ಒಂದೆರಡು ಪ್ಯಾಕ್ ಜೊತೆಗೇ ಒಯ್ಯಿರಿ. ಅಮ್ಮ ಅಡುಗೆಮನೆಯ ಪುಟ್ಟ ತಕ್ಕಡಿಯ ಮೇಲೆ ಪ್ಲಾಸ್ಟಿಕ್ ಹಾಸಿ ಪ್ಯಾಡ್ ತೂಗಿ ಬರೆದಿಡುತ್ತಿದ್ದರು. ಮೊದಲ ವಾರ ದಿನಕ್ಕೆ 400 ಗ್ರಾಂ, ಎರಡನೇ ತಿಂಗಳು 90, ನಾಲ್ಕನೇ ತಿಂಗಳು ಒಂದು ತೆಳು ಪ್ಯಾಡ್. ‘ಕಡಿಮೆಯೇ ಆಗ್ತಿಲ್ಲ’ ಅಂತ ಅಪ್ಪ ಕುಗ್ಗಿದಾಗಲೆಲ್ಲ ಅಮ್ಮ ಆ ಹಾಳೆ ತಂದು ಮುಂದೆ ಇಡುತ್ತಿದ್ದರು. ಒಂದು ವರ್ಷದವರೆಗೂ ಸುಧಾರಣೆ ಆಗುತ್ತಲೇ ಇರುತ್ತದೆ. ಆಮೇಲೂ ಜಾಸ್ತಿ ಸೋರಿದರೆ ಅದಕ್ಕೂ ಆಪರೇಷನ್ ಇದೆ, ಹೇಳಲು ನಾಚಿಕೆ ಬೇಡ. ನಿಮಿರುವಿಕೆಗೂ ಮಾತ್ರೆ, ಇಂಜೆಕ್ಷನ್, ಪಂಪ್ ಎಲ್ಲ ಇವೆ, ಡಾಕ್ಟರನ್ನು ಕೇಳಿ.

ರಿಪೋರ್ಟ್ ಓದುವುದು

ಹತ್ತು ಹದಿನೈದು ದಿನದಲ್ಲಿ ಪೆಥಾಲಜಿ ರಿಪೋರ್ಟ್ ಬರುತ್ತದೆ. ನಾಲ್ಕು ವಿಷಯ ಹುಡುಕಿ: ಅಂತಿಮ ಗ್ಲೀಸನ್, ಅಂಚಿನಲ್ಲಿ ಕ್ಯಾನ್ಸರ್ ಇತ್ತಾ, ವೀರ್ಯಕೋಶಕ್ಕೆ ಹೋಗಿತ್ತಾ, ಎಷ್ಟು ನೋಡ್‌ನಲ್ಲಿ ಎಷ್ಟಕ್ಕೆ ಇತ್ತು. ನೋಡ್‌ನಲ್ಲಿ ಸಿಕ್ಕಿತು ಅಂದರೆ ಮುಗಿಯಿತು ಅಂತಲ್ಲ. ಒಂದೆರಡರಲ್ಲಿ ಮಾತ್ರ ಇದ್ದು ಪಿಎಸ್‌ಎ ಪೂರ್ತಿ ಇಳಿದರೆ ಕೆಲವರನ್ನು ಕಣ್ಣಿಟ್ಟು ನೋಡುತ್ತಾರೆ, ಕೆಲವರಿಗೆ ರೇಡಿಯೇಷನ್ ಮತ್ತು ಹಾರ್ಮೋನ್ ಕೊಡುತ್ತಾರೆ. ಅಪ್ಪನಿಗೆ ಎರಡನೆಯದ್ದು ಕೊಟ್ಟರು.

ಮೊದಲ ಪಿಎಸ್‌ಎ ಆರರಿಂದ ಎಂಟು ವಾರಕ್ಕೆ. ಗ್ರಂಥಿಯೇ ಇಲ್ಲದ ಮೇಲೆ ಅದು 0.1ಕ್ಕಿಂತ ಕೆಳಗೆ ಇರಬೇಕು. ಮುಂದೆ ಯಾವಾಗಲಾದರೂ 0.2 ಮುಟ್ಟಿ, ಇನ್ನೊಮ್ಮೆ ಮಾಡಿಸಿದಾಗಲೂ ಅಷ್ಟೇ ಅಥವಾ ಜಾಸ್ತಿ ಬಂದರೆ ಮರಳಿದೆ ಅಂತ ಲೆಕ್ಕ. ಆಗ ತಡಮಾಡದೆ ರೇಡಿಯೇಷನ್ ಡಾಕ್ಟರನ್ನು ನೋಡಬೇಕು. ಪ್ರತಿ ಸಲ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ, ಯಂತ್ರ ಬದಲಾದರೆ ಅಂಕಿಯೂ ಸ್ವಲ್ಪ ಬದಲಾಗುತ್ತದೆ. ಸ್ಲೈಡ್ ಮತ್ತು ಮೇಣದ ಬ್ಲಾಕ್‌ಗಳನ್ನು ಆಸ್ಪತ್ರೆ ಎಷ್ಟು ವರ್ಷ ಇಟ್ಟುಕೊಳ್ಳುತ್ತದೆ ಅಂತ ಕೇಳಿಡಿ.

ನಮ್ಮ ಮನೆಯಲ್ಲಿ ಪಿಎಸ್‌ಎ ಲೆಕ್ಕ ಇರುವುದು ಅಪ್ಪನ ಹಾಲಿನ ಡೈರಿ ಪುಸ್ತಕದ ಕೊನೆಯ ಪುಟಗಳಲ್ಲಿ. ತಾರೀಕು, ಲ್ಯಾಬ್, ಅಂಕಿ ಅಂತ ಮೂರು ಗೆರೆ. ಮುಂದಿನ ಪರೀಕ್ಷೆಯ ತಾರೀಕನ್ನು ಅವರೇ ಪೆನ್ಸಿಲ್‌ನಲ್ಲಿ ಬರೆದಿರುತ್ತಾರೆ, ರಿಪೋರ್ಟ್ ಬಂದ ದಿನ ಅದರ ಮೇಲೆ ಪೆನ್ನಾಡಿಸುತ್ತಾರೆ.